ಬ್ರೆಜಿಲ್ ಮೇಡಂ ಕೊಟ್ಟ ಮಾತು

ಹಸನ್ ಕುಂಞಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಡ. ಅನ್ನ ಒಂದು ಹದ ಹೆಚ್ಚು ಬೆಂದರೆ ಸಾಕು, ಅಡುಗೆಮನೆಯಲ್ಲಿ ಸೌಟು ಹಾರುತ್ತದೆ. ಸೌದಿಯ ದಹ್ರಾನಿನ ಎಣ್ಣೆ ಕಂಪನಿಯ ಕ್ಯಾಂಪಿನಲ್ಲಿ ಅವನ ಕೈಕೆಳಗೆ ದುಡಿದ ನೇಪಾಳಿ, ಬಂಗಾಳಿಗಳೆಲ್ಲ ಅದರ ರುಚಿ ಕಂಡವರೇ. ಆದರೆ ಆ ಶನಿವಾರ ಬೆಳಿಗ್ಗೆ ಮರಗೆಣಸಿನ ಹಿಟ್ಟಿನ ಚೀಲ ಒಡೆದು ನೆಲವೆಲ್ಲ ಬೆಳ್ಳಗಾದರೂ ಅವನು ಕೂಗಾಡಲಿಲ್ಲ. "ಗುಡಿಸಿ" ಎಂದಷ್ಟೇ ಹೇಳಿ ಉಳಿದ ಹಿಟ್ಟು ಕಲಸಲು ತಿರುಗಿದ. ಸಭಾಂಗಣದ ಕೆಲಸ ನೋಡಿಕೊಳ್ಳುವ ಕುಂದಾಪುರದ ಶೇಖರ ಬಾಗಿಲಲ್ಲಿ ನಿಂತು ಇದನ್ನು ನೋಡಿ ಗಾಬರಿಯಾದ.

"ಎಂಥ ಸಾಯ್ಬ್ರೆ, ಹುಷಾರ್ ಇಲ್ಯಾ? ಬೆಳಿಗ್ಗೆಯಿಂದ ಒಂದ್ ಬೈಗುಳ ಇಲ್ಲೆ. ನಮ್ಗೇ ಹೆದ್ರಿಕೆ ಆತ್ತ್ ಮಾರ್ರೆ."

"ಇವತ್ತು ಬಯ್ಯುವ ದಿನ ಅಲ್ಲ ಶೇಖರ. ಇವತ್ತು ನಾನು ಒಂದು ಮಾತು ಕೇಳ್ಲಿಕ್ಕುಂಟು. ಬಾಯಿ ಕೆಡಿಸಿಕೊಳ್ಳುದಿಲ್ಲ."

"ಯಾರತ್ರ?"

"ಮೇಡಮ್ಮನ ಹತ್ರ. ನನ್ನ ಮಗಳು ಇಸ್ರಾಳ ಕೆಲಸ ಆಗ್ತದೋ ಇಲ್ವೋ ಅಂತ."

ಶೇಖರ ಮೇಜುಗಳಿಗೆ ಹಳದಿ ಬಟ್ಟೆ ಹಾಸಲು ಹೊರಟುಹೋದ.

ಆ ದಿನ ಮಧ್ಯಾಹ್ನದ ಮೇಲೆ ಕ್ಯಾಂಪಿನ ಸಭಾಂಗಣದಲ್ಲಿ ಬ್ರೆಜಿಲ್ ದಿನ. ಹತ್ತಿರದ ವಿಶ್ವವಿದ್ಯಾಲಯಕ್ಕೆ ಕೊರಿಯಾ, ಮಲೇಷ್ಯಾ, ಪೋಲೆಂಡ್, ತುರ್ಕಿ ಎಂದು ನಾನಾ ಕಡೆಗಳಿಂದ ಕೆಲವು ತಿಂಗಳ ಓದಿಗೆ ವಿನಿಮಯ ವಿದ್ಯಾರ್ಥಿಗಳು ಬರುತ್ತಾರೆ. ಕ್ಯಾಂಪಿನಲ್ಲಿರುವ ಬೇರೆ ಬೇರೆ ದೇಶದ ಕುಟುಂಬಗಳು ಸರದಿಯಂತೆ ಅವರನ್ನು ಕರೆದು ತಮ್ಮ ಊಟ, ತಮ್ಮ ಹಾಡು, ತಮ್ಮ ಮನೆಯ ರೀತಿರಿವಾಜು ತೋರಿಸುವುದು ಅಲ್ಲಿಯ ಪದ್ಧತಿ. ಈ ಸಲದ ಸರದಿ ಬ್ರೆಜಿಲ್‌ನವರದ್ದು. ಅಂದರೆ ಲೂಸಿಯಾನಾ ಮೇಡಮ್ಮನದ್ದು.

ಲೂಸಿಯಾನಾಳ ಗಂಡ ಇಂಜಿನಿಯರ್. ಅವಳು ಕ್ಯಾಂಪಿನ ಶಿಶುವಿಹಾರಕ್ಕೆ ಹೋಗುವವಳು, ಹಬ್ಬ ಹರಿದಿನಗಳಲ್ಲಿ ಮುಂದೆ ನಿಂತು ಓಡಾಡುವವಳು. ನಗುವೆಂದರೆ ನಗು, ಮೂರು ಕೋಣೆ ಆಚೆಗೂ ಕೇಳಬೇಕು. ಉಳಿದ ಮೇಡಮ್ಮಂದಿರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿ ಹೋದರೆ ಇವಳು ಒಳಗೇ ಬಂದು ಸ್ಟೂಲು ಎಳೆದು ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಅವಳ ಇಂಗ್ಲಿಷು ಅಷ್ಟಕ್ಕಷ್ಟೆ, ಇವನ ಇಂಗ್ಲಿಷು ಅದಕ್ಕೂ ಕಡಿಮೆ. ಹಾಗಾಗಿ ಇಬ್ಬರಿಗೂ ಒಳ್ಳೆಯ ಅರ್ಥವಾಗುತ್ತಿತ್ತು. ಕಪ್ಪು ಅವರೆಯಂಥ ಕಾಳನ್ನು ಮಾಂಸದ ಜೊತೆ ಬೇಯಿಸಿ ಮಾಡುವ ಫೆಜುವಾಡ, ಮರಗೆಣಸಿನ ಹಿಟ್ಟಿಗೆ ಚೀಸ್ ಬೆರೆಸಿ ಸುಡುವ ಉಂಡೆ, ಇವನ್ನೆಲ್ಲ ಅವನಿಗೆ ಕಲಿಸಿದವಳು ಅವಳೇ. "ಹಸನ್ ನನ್ನ ತಮ್ಮ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಇಷ್ಟು ವರ್ಷದ ಸೌದಿಯಲ್ಲಿ ಅವನನ್ನು ತಮ್ಮ ಎಂದವರು ಬೇರೆ ಯಾರೂ ಇರಲಿಲ್ಲ.

ಹಬ್ಬ ಕಳೆದ ವಾರ ಅವಳು ಥುಕ್ಬಾದಲ್ಲಿದ್ದ ಅವನ ಮನೆಗೇ ಬಂದಿದ್ದಳು. ಹಸನ್ ಕುಂಞಿಯ ವಾಸದ ಪರವಾನಗಿ ಇಕಾಮಾದಲ್ಲಿ ಅಡುಗೆ ಮೇಲ್ವಿಚಾರಕ ಎಂದು ಬರೆದಿದ್ದರಿಂದ ಹೆಂಡತಿ ಆಮಿನತ್‌ಳನ್ನೂ ಮಗಳನ್ನೂ ಕರೆಸಿಕೊಳ್ಳಲು ಸಾಧ್ಯವಾಗಿತ್ತು. ಎರಡು ಕೋಣೆಯ ಮನೆ. ಕೆಳಗೆ ಟಯರ್ ಅಂಗಡಿ, ಪಕ್ಕದಲ್ಲಿ ಮಲಯಾಳಿಯ ಬೂಫಿಯಾ, ಅಂದರೆ ಚಹಾ ತಿಂಡಿಯ ಅಂಗಡಿ. ಆ ಮನೆಯ ಮೆಟ್ಟಿಲು ಹತ್ತಿ ಒಬ್ಬಳು ಕ್ಯಾಂಪಿನ ಮೇಡಂ ಬರುವುದೆಂದರೆ ಏನು ಸಾಮಾನ್ಯವೇ? ಆಮಿನತ್ ಬೆಳಗಿನಿಂದ ಅಕ್ಕಿ ರುಬ್ಬಿ ಪತ್ತಿರಿ ಮಾಡಿದಳು, ಕೋಳಿಸಾರು ಮಾಡಿದಳು. ಮೇಡಂ ನೆಲದ ಮೇಲೆ ಚಕ್ಕಳಮಕ್ಕಳ ಕೂತು ಕೈಯಲ್ಲೇ ತಿಂದಳು, ಬೆರಳು ನೆಕ್ಕಿದಳು. ಹನ್ನೆರಡನೆಯದು ಮುಗಿಸಿ ಕೂತಿದ್ದ ಇಸ್ರಾಳನ್ನು ಪಕ್ಕಕ್ಕೆ ಎಳೆದುಕೊಂಡು ಗಲ್ಲ ಹಿಡಿದು ಹೇಳಿದಳು:

"ಇವಳು ಇನ್ನು ನನ್ನ ಮಗಳು. ನನ್ನ ಶಿಶುವಿಹಾರಕ್ಕೆ ಇಂಥ ಹುಡುಗಿಯೇ ಬೇಕು. ರಜೆ ಮುಗಿದ ಕೂಡಲೇ ಕೆಲಸಕ್ಕೆ ಬಂದುಬಿಡಲಿ. ಎಲ್ಲ ನನಗೆ ಬಿಡಿ."

ಆಮಿನತ್‌ಗೆ ಇಂಗ್ಲಿಷು ಬಾರದು. ಗಂಡ ತಿಳಿಸಿ ಹೇಳಿದ್ದೇ ಅವಳು ಒಳಗೆ ಹೋಗಿ ಒಂದು ಬಟ್ಟಲು ಸಕ್ಕರೆ ತಂದಳು. ಉಂಡ ಮನೆಯಲ್ಲಿ ಆಡಿದ ಮಾತನ್ನು ಬಾಯಿ ಸಿಹಿ ಮಾಡಿ ಗಟ್ಟಿ ಮಾಡುವುದು ಅವರ ಕಡೆಯ ರೂಢಿ. ಹೆಣ್ಣು ಕೇಳಿ ಬಂದವರಿಗೂ ಹಾಗೆಯೇ, ಜಾಗದ ವ್ಯವಹಾರಕ್ಕೆ ಬಂದವರಿಗೂ ಹಾಗೆಯೇ. ಸಕ್ಕರೆ ಬಾಯಿಗೆ ಹೋದ ಮೇಲೆ ಮಾತು ಹಿಂದಕ್ಕೆ ಬರುವುದಿಲ್ಲ. ಲೂಸಿಯಾನಾ ಅದನ್ನು ಊಟದ ಮೇಲಿನ ಸಿಹಿ ಎಂದುಕೊಂಡಳೋ ಏನೋ, ಚಿಟಿಕೆ ಬಾಯಿಗೆ ಹಾಕಿಕೊಂಡು "ಆಹಾ" ಎಂದಳು. ಆಮಿನತ್‌ಳನ್ನು ತಬ್ಬಿ ಎರಡೂ ಕೆನ್ನೆಗೆ ಮುತ್ತು ಕೊಟ್ಟು ಮೆಟ್ಟಿಲಿಳಿದು ಹೋದಳು.

ಅವತ್ತು ಇಸ್ರಾ ಒಬ್ಬಳೇ ರಾಗ ಎಳೆದದ್ದು.

"ಉಪ್ಪ, ಒಂದು ಇಮೇಲ್ ಹಾಕ್ಲಿಕ್ಕೆ ಹೇಳಿ ಅವರಿಗೆ. ಸುಮ್ನೆ ಹಾಗೆ ಹೇಳಿದ್ರೆ ಆಗುದಿಲ್ಲ."

"ಊಟ ಮಾಡಿದ ಮನೆಯಲ್ಲಿ ಕೂತು ಸುಳ್ಳು ಹೇಳ್ತಾರಾ? ಇಮೇಲ್ ಅಂತೆ! ನಿಮ್ಮ ಇಂಗ್ಲಿಷ್ ಸ್ಕೂಲು ಇದನ್ನೇ ಕಲಿಸಿದ್ದಾ?" ಎಂದು ಅವನು ಗದರಿದ್ದ. ಅವಳು ಎಂಜಲು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಊರಿನಲ್ಲಿ ಇನ್ನೊಂದು ದಾರಿಯೂ ಇತ್ತು. ಹಸನ್ ಕುಂಞಿಯ ಅಕ್ಕ ಸುಬೈದಾ ಮಂಗಳೂರಿನಲ್ಲಿ ಇರುವವಳು. ಕಾಲೇಜೊಂದರಲ್ಲಿ ಸೊಸೆಯ ಗುರುತಿನವರನ್ನು ಹಿಡಿದು ಇಸ್ರಾಳಿಗೆ ಫಿಸಿಯೋಥೆರಪಿಯ ಒಂದು ಸೀಟು ಕಾದಿರಿಸಿದ್ದಳು. ಅಲ್ಲಿಯವರು ಇಷ್ಟು ದಿನ ತಾಳಿಕೊಂಡದ್ದೇ ಹೆಚ್ಚು. ಈ ಶನಿವಾರ ಆಫೀಸು ಬಾಗಿಲು ಹಾಕುವುದರೊಳಗೆ ಹೌದೋ ಅಲ್ಲವೋ ಹೇಳಬೇಕು, ಇಲ್ಲದಿದ್ದರೆ ಸರದಿಯಲ್ಲಿರುವ ಮುಂದಿನ ಹುಡುಗಿಗೆ ಕೊಟ್ಟುಬಿಡುತ್ತೇವೆ ಎಂದಿದ್ದರು. ಹಸನ್ ಕುಂಞಿಗೆ ಮಗಳನ್ನು ಕಳಿಸಲು ಮನಸ್ಸಿಲ್ಲ. ಕಣ್ಣೆದುರಿಗೇ ಇರಲಿ, ಕ್ಯಾಂಪಿನ ಬಸ್ಸಿನಲ್ಲಿ ಹೋಗಿ ಬರಲಿ, ಆಮೇಲೆ ಒಳ್ಳೆ ಸಂಬಂಧ ನೋಡಿ ಮದುವೆ ಮಾಡಿದರಾಯಿತು ಎಂಬುದು ಅವನ ಲೆಕ್ಕ. ಆದರೂ ಕೈಯಲ್ಲಿದ್ದುದನ್ನು ಬಿಡುವ ಮೊದಲು ಮೇಡಮ್ಮನ ಬಾಯಿಂದ ಇನ್ನೊಮ್ಮೆ ಕೇಳಿಕೊಳ್ಳೋಣ ಎಂದು ಬಂದಿದ್ದ.

ಉಂಡೆಗಳು ಒಲೆಗೆ ಹೋಗುವ ಹೊತ್ತಿಗೆ ಲೂಸಿಯಾನಾ ಬಂದಳು. ಕೊರಳಿಗೆ ಹಸಿರು ಹಳದಿ ಶಾಲು, ಒಂದು ಕೈಯಲ್ಲಿ ಕಾಗದದ ಹೂವು, ಇನ್ನೊಂದರಲ್ಲಿ ಫೋನು.

"ತಮ್ಮಾ, ವಾಸನೆ! ನಮ್ಮಮ್ಮನ ಮನೆಗೆ ಬಂದ ಹಾಗಾಯಿತು!"

"ಮೇಡಂ, ಒಂದು ನಿಮಿಷ. ಇಸ್ರಾಳ ವಿಷಯ. ಊರಿನ ಕಾಲೇಜಿಗೆ ಇವತ್ತೇ ಉತ್ತರ ಹೇಳಬೇಕು. ಶಿಶುವಿಹಾರದ ಕೆಲಸ ಖಂಡಿತ ಉಂಟಲ್ಲ?"

ಅವಳ ಫೋನು ಬಡಿದುಕೊಳ್ಳುತ್ತಿತ್ತು. ಹೊರಗೆ ಯಾರೋ ಮೈಕು ಸರಿಯಿಲ್ಲ ಎಂದು ಕೂಗುತ್ತಿದ್ದರು. ಅವಳು ಅವನ ತೋಳು ತಟ್ಟಿದಳು.

"ಖಂಡಿತ ಹಸನ್, ಖಂಡಿತ! ಇದೂ ಕೇಳುವ ಮಾತೇ? ಅವಳು ನನ್ನ ಮಗಳಲ್ಲವೇ? ಏನೂ ಚಿಂತೆ ಮಾಡಬೇಡ!"

ಮತ್ತೆ ನಗು. ಕಾಗದದ ಹೂವು ಬೀಸುತ್ತ ಹೋದಳು.

ಹಸನ್ ಕುಂಞಿ ಕೈ ತೊಳೆದು ಹಿಂಬಾಗಿಲಿನಿಂದ ಹೊರಗೆ ಬಂದ. ಗ್ಯಾಸ್ ಸಿಲಿಂಡರುಗಳ ಪಕ್ಕ ಒಂದಂಗುಲ ನೆರಳಿತ್ತು. ಅಲ್ಲಿ ನಿಂತು ಅಕ್ಕನಿಗೆ ಫೋನು ಮಾಡಿದ.

"ಸೀಟು ಬೇಡ ಅಂತ ಹೇಳು ಅಕ್ಕ. ಇಲ್ಲೇ ಆಯ್ತು."

"ಎಂತ ಆಯ್ತು? ಕಾಗದ ಕೊಟ್ರಾ?"

"ಮಾತು ಕೊಟ್ಟಿದ್ದಾರೆ. ಈಗ ಇನ್ನೊಂದು ಸಲ ಕೊಟ್ರು."

"ಹಸನೇ, ಆ ಹೆಂಗಸು ಯಾವ ಊರಿನವಳು, ಯಾವ ಜಾತಿಯವಳು, ಅವಳ ಮಾತಿಗೆ ಬುಡ ಉಂಟಾ ತಲೆ ಉಂಟಾ, ನಿಂಗೆ ಗೊತ್ತುಂಟಾ? ನಾನು ಇಲ್ಲಿ ಮಂಡೆ ಬಿಸಿ ಮಾಡಿಕೊಂಡು ಕಂಡಕಂಡವರ ಕಾಲು ಹಿಡಿದಿದ್ದೇನೆ. ಇಸ್ರಾ ಎಂತ ಹೇಳ್ತಾಳೆ?"

"ಅವಳದ್ದೆಂತ ಹೇಳ್ಲಿಕ್ಕೆ? ಸಣ್ಣ ಹುಡುಗಿ. ನಾನು ಹೇಳ್ತಿದ್ದೇನಲ್ಲ, ಬೇಡ ಅಂತ ಹೇಳು."

"ಆಯ್ತು ಮಾರಾಯ. ನಿನ್ನ ಮಗಳು, ನಿನ್ನ ಹಣೆಬರಹ" ಎಂದು ಸುಬೈದಾ ಫೋನಿಟ್ಟಳು.

ಮನಸ್ಸು ಹಗುರಾದ ಹಾಗೆ ಅನ್ನಿಸಿತು. ಒಳಗೆ ಬಂದವನೇ ಪಾತ್ರೆ ತೊಳೆಯುವವನಿಗೆ ಸರಿಯಾಗಿ ನಾಲ್ಕು ಬೈದ. ಶೇಖರ ಹೊರಗಿನಿಂದಲೇ, "ಅಬ್ಬ, ಈಗ ಸಮ ಆಯ್ತ್ ಕಾಣಿ" ಎಂದ.

ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ವಿದ್ಯಾರ್ಥಿಗಳ ಬಸ್ಸು ಬಂತು. ಹುಡುಗರು, ಹುಡುಗಿಯರು, ಎಲ್ಲರ ಕೈಯಲ್ಲೂ ಫೋನು. ಹಸನ್ ಕುಂಞಿ ಬಿಳಿ ಕೋಟು ತೊಟ್ಟು ಊಟದ ಮೇಜಿನ ಹಿಂದೆ ನಿಂತ. ಎದುರಿನ ಪರದೆಯ ಮೇಲೆ ಸಮುದ್ರ, ಗುಡ್ಡ, ಕಾಲ್ಚೆಂಡು ಆಡುವ ಮಕ್ಕಳ ಚಿತ್ರಗಳು ಬಂದು ಹೋಗುತ್ತಿದ್ದವು. ಲೂಸಿಯಾನಾ ಮೈಕು ಹಿಡಿದಳು. ಅವಳಿಗೆ ಮಾತಾಡಲು ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ತಮ್ಮಲ್ಲಿ ಅನ್ನ ಮತ್ತು ಕಾಳು ಇಲ್ಲದೆ ದಿನ ಕಳೆಯುವುದಿಲ್ಲ ಎಂದಳು. ಸೆಕೆಗೆ ದಿನಕ್ಕೆ ಎರಡು ಮೂರು ಸಲ ಸ್ನಾನ, ಮಧ್ಯಾಹ್ನ ಆಫೀಸಿನಲ್ಲಿ ಉಂಡ ಮೇಲೆ ಎಲ್ಲರೂ ಸಾಲಾಗಿ ನಿಂತು ಹಲ್ಲುಜ್ಜುತ್ತಾರೆ ಎಂದಾಗ ಕೊರಿಯಾದ ಹುಡುಗಿಯರು ನಾವೂ ಹಾಗೆಯೇ ಎಂದು ಕೂಗಿದರು. ಪಿಜ್ಜಾ ಕೈಯಲ್ಲಿ ಮುಟ್ಟುವುದಿಲ್ಲ, ಚಾಕು ಚಮಚವೇ ಬೇಕು. ಏಳು ಗಂಟೆಗೆ ಪಾರ್ಟಿ ಎಂದು ಕರೆದರೆ ಏಳಕ್ಕೇ ಬಂದವನು ಮೂರ್ಖ, ಮನೆಯೊಡತಿ ಆಗಿನ್ನೂ ಸ್ನಾನಕ್ಕೆ ಹೋಗಿರುತ್ತಾಳೆ. ಸಭೆ ನಕ್ಕಿತು. ಹಸನ್ ಕುಂಞಿಯೂ ನಕ್ಕ. ತನ್ನ ಸ್ವಂತ ಅಕ್ಕನ ಬಗ್ಗೆ ಹೇಳುವ ಹಾಗೆ ಪಕ್ಕದಲ್ಲಿದ್ದ ಶೇಖರನಿಗೆ, "ಹೇಗೆ ಮಾತಾಡ್ತಾರೆ ನೋಡು" ಎಂದ.

"ಈಗ ಮುಖ್ಯವಾದ ಪಾಠ" ಎಂದಳು ಲೂಸಿಯಾನಾ. "ನೀವು ನಾಳೆ ಬ್ರೆಜಿಲ್‌ಗೆ ಹೋದರೆ ಮೊದಲನೆಯ ದಿನವೇ ಹತ್ತು ಜನ ನಿಮ್ಮನ್ನು ಮನೆಗೆ ಕರೆಯುತ್ತಾರೆ. ಬಂದುಬಿಡು ಮನೆಗೆ, ನೀನು ನಮ್ಮವನೇ, ನನ್ನ ಮನೆ ನಿನ್ನ ಮನೆ, ಎಲ್ಲ ನನಗೆ ಬಿಡು ಅನ್ನುತ್ತಾರೆ. ದಯವಿಟ್ಟು ಹೋಗಬೇಡಿ!"

ಮತ್ತೆ ನಗು.

"ಅದು ಸುಳ್ಳಲ್ಲ. ಪ್ರೀತಿಯಿಂದಲೇ ಹೇಳುವುದು. ಆದರೆ ಅದು ಟಾಟಾ ಹೇಳುವ ಒಂದು ರೀತಿ, ಅಷ್ಟೆ. ದಿನ ಹೇಳದೆ, ವಿಳಾಸ ಕೊಡದೆ ಕರೆದರೆ ಕರೆದಂತಲ್ಲ. ನಮ್ಮಲ್ಲಿ ಮುಖದ ಮೇಲೆ ಇಲ್ಲ ಅನ್ನುವುದು ಒರಟುತನ. ಯಾರಿಗೂ ನೋವಾಗಬಾರದು ನೋಡಿ. ಹಾಗಾಗಿ ಎಲ್ಲದಕ್ಕೂ ಖಂಡಿತ, ಖಂಡಿತ! ಪಾಪ, ಹೊರಗಿನವರು ಇದನ್ನು ನಿಜವೆಂದು ತಿಳಿದು ಪೆಟ್ಟಿಗೆ ಹಿಡಿದು ಬಾಗಿಲಿಗೆ ಬಂದು ನಿಲ್ಲುತ್ತಾರೆ!"

ಹಸನ್ ಕುಂಞಿಯ ಇಂಗ್ಲಿಷು ಕಡಿಮೆಯಿರಬಹುದು. ಆದರೆ ಈ ಮಾತುಗಳಲ್ಲಿ ಅರ್ಥವಾಗದ್ದು ಯಾವುದೂ ಇರಲಿಲ್ಲ. ಅವನ ಕೈಯಲ್ಲಿದ್ದ ಸೌಟು ಪಾತ್ರೆಯಲ್ಲೇ ನಿಂತಿತು.

"ನಾನು ತೋರಿಸುತ್ತೇನೆ" ಎಂದು ಅವಳು ಸುತ್ತ ನೋಡಿದಳು. "ಹಸನ್! ನನ್ನ ತಮ್ಮ ಹಸನ್, ಈ ಊಟ ಮಾಡಿದವನು. ಬಾ ಇಲ್ಲಿ!"

ಸಭೆ ಚಪ್ಪಾಳೆ ತಟ್ಟಿತು. ಅವನು ಕದಲಲಿಲ್ಲ. "ಹೋಗಿ ಸಾಯ್ಬ್ರೆ, ಎಲ್ಲ ಕಾಣ್ತಿದ್ರ್" ಎಂದು ಶೇಖರ ಬೆನ್ನಿಗೆ ಕೈ ಹಾಕಿದ. ಕಾಲು ತಾನಾಗಿ ನಡೆಯಿತು.

ಅವಳು ಅವನ ಎದುರು ನಿಂತು ಕೈ ಅಗಲಿಸಿ, ಎಲ್ಲರಿಗೂ ಕೇಳುವಂತೆ, "ಹಸನ್! ಎಷ್ಟು ದಿನವಾಯಿತು! ಮನೆಗೆ ಬಂದುಬಿಡು!" ಎಂದಳು. ಆಮೇಲೆ ಮೈಕನ್ನು ಅವನ ಬಾಯಿಗೆ ಹಿಡಿದಳು. ಏನಾದರೂ ಹೇಳು ಎಂದು ಕಣ್ಣು ಮಿಟುಕಿಸಿದಳು.

"ಯಾವ ದಿನ ಮೇಡಂ?" ಎಂದ ಹಸನ್ ಕುಂಞಿ.

ಸಭಾಂಗಣ ಸ್ಫೋಟವಾದ ಹಾಗೆ ನಕ್ಕಿತು. ಪೋಲೆಂಡಿನ ಹುಡುಗನೊಬ್ಬ ಕುರ್ಚಿಯ ಕೈ ಬಡಿದ. ಲೂಸಿಯಾನಾ ಹೊಟ್ಟೆ ಹಿಡಿದುಕೊಂಡಳು.

"ನೋಡಿದಿರಾ? ನೋಡಿದಿರಾ? ಇದೇ! ಇದನ್ನೇ ಕೇಳಬಾರದು!"

"ಯಾವ ದಿನ ಮೇಡಂ? ಇಸ್ರಾ ಯಾವ ದಿನ ಕೆಲಸಕ್ಕೆ ಬರಬೇಕು?"

ಅವನ ದನಿ ಏರಿತ್ತು, ಮುಖ ಕೆಂಪಾಗಿತ್ತು. ಜನ ಇನ್ನೂ ಜೋರಾಗಿ ನಕ್ಕರು. ಅಡುಗೆಯವನು ಎಂಥ ಒಳ್ಳೆ ನಟ ಎಂದು ಅವರು ಅಂದುಕೊಂಡರು. ಫೋನುಗಳು ಮೇಲೆದ್ದವು. ಲೂಸಿಯಾನಾಳ ನಗು ಮಾತ್ರ ಒಂದು ಕ್ಷಣ ತಡವರಿಸಿತು. ಆದರೆ ಮೈಕು ಕೈಯಲ್ಲಿರುವವರಿಗೆ ನಿಲ್ಲಿಸಲು ಬರುವುದಿಲ್ಲ. "ಖಂಡಿತ ಹಸನ್, ಖಂಡಿತ!" ಎಂದು ಹಾಡಿನಂತೆ ಹೇಳಿ ಅವನ ಭುಜ ಹಿಡಿದು ಸಭೆಯ ಕಡೆ ತಿರುಗಿಸಿದಳು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅವನು ಅಡುಗೆಮನೆಗೆ ಬಂದು ಫೋನು ತೆಗೆದ. ಊರಿನಲ್ಲಿ ಆಗ ರಾತ್ರಿ ಶುರುವಾಗುವ ಹೊತ್ತು.

"ಅಕ್ಕ, ಆ ಸೀಟು..."

"ಬೇಡ ಅಂತ ನಾನು ಹೇಳಿದ್ದೇ ತಡ, ಬಾಗಿಲ ಹೊರಗೆ ನಿಂತಿದ್ದ ಹುಡುಗಿಯನ್ನು ಕರೆದ್ರು. ಅದರ ಅಪ್ಪ ಅಲ್ಲೇ ಸಹಿ ಹಾಕಿ ಆಯ್ತು. ಎಂತಕೆ? ಎಂತ ಆಯ್ತು ಹಸನೇ?"

ಅವನು ಫೋನು ಜೇಬಿಗೆ ಹಾಕಿದ.

ಬಸ್ಸು ಹೊರಟ ಮೇಲೆ ಲೂಸಿಯಾನಾ ಒಳಗೆ ಬಂದಳು. ಶಾಲು ಜಾರಿತ್ತು, ಮುಖದಲ್ಲಿ ದಣಿವಿನ ಸಂತೋಷವಿತ್ತು.

"ಹಸನ್, ನೀನು ಎಲ್ಲರಿಗಿಂತ ಮೇಲೆ! ಮುಂದಿನ ತಿಂಗಳ ಗುಂಪಿಗೂ ಇದನ್ನೇ ಮಾಡೋಣ."

"ನಾನು ನಾಟಕ ಮಾಡಿದ್ದಲ್ಲ."

ಅವಳು ನಿಂತಳು. ಸ್ಟೂಲಿನ ಕಡೆ ನೋಡಿದಳು, ಕೂರಲಿಲ್ಲ.

"ಬೆಳಿಗ್ಗೆ ನಿಮ್ಮನ್ನು ಕೇಳಿದೆ. ನೀವು ಖಂಡಿತ ಅಂದ್ರಿ. ನಾನು ಊರಿನ ಸೀಟು ಬಿಟ್ಟೆ. ಅದು ಈಗ ಬೇರೆಯವರಿಗೆ ಹೋಯ್ತು. ಹೇಳಿ, ನನ್ನ ಮಗಳಿಗೆ ಕೆಲಸ ಉಂಟಾ?"

"ಅಯ್ಯೋ ದೇವರೇ" ಎಂದಳು ಅವಳು. ಬಾಯಿಗೆ ಕೈ ಹೋಯಿತು. "ಹಸನ್, ನಾನು ಅಲ್ಲಿಗೆ ವಾರಕ್ಕೆರಡು ಸಲ ಮಕ್ಕಳಿಗೆ ಹಾಡು ಹೇಳಿಕೊಡಲು ಹೋಗುವವಳು. ಸಂಬಳವೂ ಇಲ್ಲ. ಕೆಲಸ ಕೊಡುವುದು ಕಂಪನಿಯ ಆಫೀಸು. ಅದಕ್ಕೆ ಡಿಪ್ಲೊಮಾ ಬೇಕು, ಏನೇನೋ ಬೇಕು. ನಾನು ಅವಳ ಹೆಸರು ಹೇಳಬಹುದು, ಅಷ್ಟೇ. ಹೇಳಬೇಕೆಂದೇ ಇದ್ದೆ."

"ನಮ್ಮ ಮನೆಯಲ್ಲಿ ಸಕ್ಕರೆ ತಿಂದು ಹೇಳಿದ್ರಿ. ನನ್ನ ಶಿಶುವಿಹಾರ ಅಂದ್ರಿ. ಎಲ್ಲ ನನಗೆ ಬಿಡಿ ಅಂದ್ರಿ."

"ಸಕ್ಕರೆಗೂ ಇದಕ್ಕೂ ಏನು? ಹಸನ್, ನನಗೆ ಇಸ್ರಾಳ ಮೇಲೆ ನಿಜವಾಗಿಯೂ ಪ್ರೀತಿ. ಆ ದಿನ ಆ ಮಗುವಿನ ಮುಖ ನೋಡಿ ಇಲ್ಲ ಅನ್ನಲು ಹೇಗಾಗುತ್ತದೆ? ನಮ್ಮಲ್ಲಿ ಅದು ಹೊಡೆದ ಹಾಗೆ."

"ಹೊಡೆದಿದ್ರೆ ಎರಡು ದಿನಕ್ಕೆ ಬಾವು ಇಳೀತಿತ್ತು ಮೇಡಂ!"

ಇಡೀ ದಿನ ಕಟ್ಟಿಟ್ಟಿದ್ದ ಸಿಟ್ಟು ಒಡೆಯಿತು. ಅವನು ಇಂಗ್ಲಿಷು ಬಿಟ್ಟು ತನ್ನ ಭಾಷೆಯಲ್ಲೇ ಕೂಗಿದ, ಹಿಂದಿಯಲ್ಲಿ ಕೂಗಿದ. ಫೆಜುವಾಡದ ಪಾತ್ರೆಯನ್ನು ಕಟ್ಟೆಯಿಂದ ದೂಡಿದ. ಕಪ್ಪು ಸಾರು ಬೆಳ್ಳಗಿನ ನೆಲದ ಮೇಲೆ ಹರಿಯಿತು. ಲೂಸಿಯಾನಾ ಅಳುತ್ತ ಕೈ ಚಾಚಿ ಒಂದು ಹೆಜ್ಜೆ ಮುಂದೆ ಬಂದಳು. ಸಮಾಧಾನಕ್ಕೆ ತಬ್ಬಿಕೊಳ್ಳುವುದು ಅವಳ ಊರಿನ ರೀತಿ. ಅವನು ಗೋಡೆಗೆ ತಾಗುವವರೆಗೆ ಹಿಂದೆ ಸರಿದ. ಶೇಖರ ಓಡಿ ಬಂದು ನಡುವೆ ನಿಂತ.

"ಯಲ್ಲಾ, ಹೋಯ್ನಿ ಸಾಯ್ಬ್ರೆ, ಮನಿಗ್ ಹೋಯ್ನಿ. ಯಾರಾರೂ ಕಂಡ್ರೆ ವೀಸಾ ಕೊಟ್ಟ ಕಫೀಲನ ವರೆಗೂ ಹೋತ್ತ್. ಇದನ್ನ ನಾ ಒರೆಸ್ತೆ."

ಥುಕ್ಬಾ ತಲುಪುವಾಗ ಮುಸ್ಸಂಜೆಯ ಮಗ್ರಿಬ್ ಬಾಂಗು ಆಗುತ್ತಿತ್ತು. ಅವನು ಮಸೀದಿಗೆ ಹೋಗಲಿಲ್ಲ, ನೇರ ಮೆಟ್ಟಿಲು ಹತ್ತಿದ. ಇಸ್ರಾ ಹಾಲಿನಲ್ಲಿ ಲ್ಯಾಪ್‌ಟಾಪ್ ಮಡಿಲಲ್ಲಿಟ್ಟು ಕೂತಿದ್ದಳು. ಆಮಿನತ್ ಗಂಡನ ಕೋಟಿನ ಮೇಲಿನ ಕಪ್ಪು ಕಲೆ ನೋಡಿ, "ಇವತ್ತು ಯಾರ ಮೇಲೆ?" ಎಂದಳು.

ಸುತ್ತಿ ಬಳಸಿ ಹೇಳಲು ಅವನಿಗೆ ಯಾವತ್ತೂ ಬರುತ್ತಿರಲಿಲ್ಲ. ಚಪ್ಪಲಿ ಬಿಡುತ್ತಲೇ ಹೇಳಿದ.

"ಶಿಶುವಿಹಾರದ ಕೆಲಸ ಇಲ್ಲ. ಆ ಹೆಂಗಸಿಗೆ ಕೆಲಸ ಕೊಡುವ ಅಧಿಕಾರವೇ ಇಲ್ಲ. ಊರಿನ ಸೀಟೂ ಇಲ್ಲ. ಬೆಳಿಗ್ಗೆ ನಾನೇ ಬೇಡ ಅಂದೆ."

ಆಮಿನತ್ ಗೋಡೆ ಹಿಡಿದು ಕೂತಳು. "ಸಕ್ಕರೆ ತಿಂದಿದ್ಲಲ್ಲ" ಎಂದಳು. ಆಮೇಲೆ ಬ್ರೆಜಿಲ್‌ನವರ ವಂಶವನ್ನೇ ಶಪಿಸತೊಡಗಿದಳು. ಹಸನ್ ಕುಂಞಿಯೂ ಸೇರಿಕೊಂಡ. ಇಬ್ಬರೂ ಒಂದು ಮಾತಿನ ಮೇಲೆ ಇನ್ನೊಂದು ಮಾತು ಹಾಕುತ್ತ ಬೈಯುತ್ತಿರುವಾಗ ಇಸ್ರಾ ಲ್ಯಾಪ್‌ಟಾಪ್ ಮುಚ್ಚಿದಳು.

"ಉಪ್ಪ, ಸುಬೈದಾ ಮಾಮಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಿದ್ದು?"

"ಬೆಳಿಗ್ಗೆ. ಮೇಡಂ ಹೇಳಿದ ಕೂಡಲೇ."

"ನನ್ನ ಫೋನ್ ಆನ್ ಇತ್ತು. ಬೆಳಿಗ್ಗೆಯಿಂದ ಇಲ್ಲೇ ಕೂತಿದ್ದೆ. ಮೇಡಮ್ಮನನ್ನು ಕೇಳಿದ್ರಿ, ಮಾಮಿಗೆ ಹೇಳಿದ್ರಿ. ನನ್ಗೆ ಒಂದು ಕಾಲ್ ಮಾಡ್ಲಿಕ್ಕೆ ಆಗಿಲ್ವಾ?"

"ನಿನ್ನ ಒಳ್ಳೆದಕ್ಕೇ..."

"ನಂಗೆ ಫಿಸಿಯೋಥೆರಪಿ ಬೇಕಿತ್ತು. ಹತ್ತನೇ ಕ್ಲಾಸಿನಿಂದ ಹೇಳ್ತಾ ಇದ್ದೇನೆ. ಉಮ್ಮನ ಹತ್ರ ಹೇಳಿದ್ದೆ."

ಹಸನ್ ಕುಂಞಿ ಹೆಂಡತಿಯ ಕಡೆ ತಿರುಗಿದ. ಆಮಿನತ್ ಸೆರಗಿನ ತುದಿ ನೋಡುತ್ತ, "ನಿಮ್ಮ ಹತ್ರ ಯಾರು ಹೇಳುದು? ಬಾಯಿ ತೆರೆದ್ರೆ ನೀವು ಹಾರ್ತೀರಿ" ಎಂದಳು.

ಕೆಳಗಿನ ಅಂಗಡಿಯಲ್ಲಿ ಯಾರೋ ಟಯರಿಗೆ ಗಾಳಿ ತುಂಬುತ್ತಿದ್ದರು. ಇಸ್ರಾ ಅಳುತ್ತಿರಲಿಲ್ಲ. ಅತ್ತಿದ್ದರೆ ಅವನಿಗೆ ಏನಾದರೂ ಮಾಡಲು ತಿಳಿಯುತ್ತಿತ್ತು.

"ನಾನು ಊರಿಗೆ ಹೋಗ್ತೇನೆ" ಎಂದಳು. "ಮಾಮಿಯ ಮನೆಯಲ್ಲಿ ಇರ್ತೇನೆ."

"ಸೀಟೇ ಇಲ್ಲದೆ ಅಲ್ಲಿ ಹೋಗಿ ಎಂತ ಮಾಡ್ತಿ?"

"ಬರುವ ವರ್ಷ ನಾನೇ ಅಪ್ಲಿಕೇಶನ್ ಹಾಕ್ತೇನೆ. ನಾನೇ ಆಫೀಸಿಗೆ ಹೋಗಿ ಕೇಳ್ತೇನೆ."

"ಇರುದಿದ್ರೆ ಇಲ್ಲಿರು ಒಂದು ವರ್ಷ. ಅಲ್ಲಿ ಯಾಕೆ?"

"ಇಲ್ಲಿ ಎಂತಕ್ಕೆ ಉಪ್ಪ? ಇನ್ನೊಂದು ಮೇಡಂ ಬರ್ತಾರೆ. ನೀವು ಊಟ ಹಾಕ್ತೀರಿ, ಉಮ್ಮ ಸಕ್ಕರೆ ತರ್ತಾರೆ, ನಾನು ಪುನಃ ಕಾಯ್ಬೇಕು."

ಅವನ ಕೈ ಮೇಲೆದ್ದಿತು. ಆಮಿನತ್ "ಇವರೇ!" ಎಂದು ಚೀರಿದಳು. ಇಸ್ರಾ ಮುಖ ತಿರುಗಿಸದೆ ಕಣ್ಣಿಗೆ ಕಣ್ಣಿಟ್ಟು ಕೂತೇ ಇದ್ದಳು. ಮೇಲೆದ್ದ ಕೈಯಿಂದ ಏನು ಮಾಡುವುದೆಂದು ತಿಳಿಯದೆ ಅವನು ತಲೆಯ ಮೇಲಿನ ಟೋಪಿ ತೆಗೆದು ಪಕ್ಕಕ್ಕಿಟ್ಟ.

"ಆಯ್ತು. ರೀ-ಎಂಟ್ರಿ ಹಾಕ್ತೇನೆ" ಎಂದ ಕೊನೆಗೆ. "ಹೋಗಿ ಬಾ. ಅಲ್ಲಿ ಸರಿಯಾಗದಿದ್ರೆ ವಾಪಸ್ ಬರ್ಬಹುದು."

"ಬೇಡ. ಫೈನಲ್ ಎಕ್ಸಿಟ್ ಹಾಕಿ."

ಫೈನಲ್ ಎಕ್ಸಿಟ್ ಎಂದರೆ ಇಕಾಮಾ ಮುಗಿಯಿತು. ಅಪ್ಪನ ಹೆಸರಿನ ಕೆಳಗೆ ಮಗಳ ಹೆಸರು ಇರುವುದಿಲ್ಲ. ಮತ್ತೆ ಕರೆಸಬೇಕೆಂದರೆ ಹೊಸದಾಗಿ ವೀಸಾ, ಹೊಸದಾಗಿ ಎಲ್ಲ. ಥುಕ್ಬಾದಲ್ಲಿ ಬೆಳೆದ ಹುಡುಗಿಗೆ ಇದು ಗೊತ್ತಿಲ್ಲದ ವಿಷಯವಲ್ಲ.

"ಯೋಚನೆ ಮಾಡಿ ಹೇಳ್ತಿದ್ದೀಯಾ?"

"ನೀವು ಬೆಳಿಗ್ಗೆ ಎಷ್ಟು ಯೋಚನೆ ಮಾಡಿದ್ದೀರಿ?"

ಅವಳು ಎದ್ದು ಬಂದು ಅವನ ಜೇಬಿನಿಂದ ಫೋನು ತೆಗೆದಳು. ಅವನಿಗೆ ಆ ಸರ್ಕಾರಿ ಆ್ಯಪು ತೆರೆಯಲು ಬಾರದು. ಇಷ್ಟು ವರ್ಷ ಇಕಾಮಾ ನವೀಕರಣದಿಂದ ಹಿಡಿದು ಎಲ್ಲವನ್ನೂ ಮಾಡಿಕೊಟ್ಟವಳು ಅವಳೇ. ಆದರೆ ಹೆಂಡತಿ ಮಕ್ಕಳು ದೇಶ ಬಿಡಬೇಕಾದರೆ ಮನೆಯ ಯಜಮಾನನ ಖಾತೆಯಿಂದ, ಅವನ ಒಪ್ಪಿಗೆಯಿಂದಲೇ ಆಗಬೇಕು. ಅವಳು ಒಂದೊಂದೇ ಪುಟ ದಾಟಿ ತನ್ನ ಹೆಸರು ಆರಿಸಿದಳು. ಕೊನೆಯ ಪುಟಕ್ಕೆ ಬಂದು ಫೋನನ್ನು ಅವನ ಎದುರು ಹಿಡಿದಳು.

"ಒತ್ತಿ."

"ನೀನೇ ಒತ್ತು. ಎಲ್ಲ ನೀನೇ ಒತ್ತುದಲ್ವಾ?"

"ಇದು ನೀವು ಒತ್ತಬೇಕು ಉಪ್ಪ."

ಹಸನ್ ಕುಂಞಿ ಪರದೆಯನ್ನು ನೋಡಿದ. ಅರಬ್ಬಿಯಲ್ಲಿ ಮಗಳ ಹೆಸರು, ಕೆಳಗೊಂದು ಹಸಿರು ಪಟ್ಟಿ. ಆಮಿನತ್ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಹೋದಳು. ಕೂಗಾಡಬೇಕೆನಿಸಿತು. ಆದರೆ ಯಾರ ಮೇಲೆ ಎಂದು ತಿಳಿಯಲಿಲ್ಲ. ಬೆರಳಿನ ತುದಿಯಲ್ಲಿ ಒಣಗಿದ ಸಾರು ಅಂಟಿತ್ತು. ಅಂಗಿಗೆ ಉಜ್ಜಿಕೊಂಡು ಒತ್ತಿದ.

ಫೋನು ಸಣ್ಣಗೆ ಸದ್ದು ಮಾಡಿತು. ಇಸ್ರಾ ಬಂದ ಸಂದೇಶವನ್ನು ಓದಿ ನೋಡಿ, ಫೋನನ್ನು ಅವನ ಕೈಗೆ ಕೊಟ್ಟು, "ಥ್ಯಾಂಕ್ಸ್" ಎಂದಳು. ಅಂಗಡಿಯಲ್ಲಿ ಚಿಲ್ಲರೆ ಕೊಟ್ಟವನಿಗೆ ಹೇಳುವ ಹಾಗೆ. ಆಮೇಲೆ ಮಂಚದ ಅಡಿಯಿಂದ ದೊಡ್ಡ ಪೆಟ್ಟಿಗೆ ಎಳೆಯಲು ಒಳಗೆ ಹೋದಳು.